ಥರ್ಮೋಕೋಲ್ ಕಾರ್ನಿಸ್‌ಗೆ ಯಾವ ಗಮ್? ಮೊದಲು ಬಿದ್ದ ಪೀಸಿನ ಬೆನ್ನು ನೋಡಿ

ಪ್ರಶ್ನೆ: ಸರ್, ನಮ್ದು ಚಿಕ್ಕಮಗಳೂರು ಟೌನಲ್ಲಿ ಸುಮಾರು 30 ವರ್ಷದ ಹಳೇ ಆರ್‌ಸಿಸಿ ಮನೆ. ಹಾಲ್ 12×14 ಅಡಿ. ಗೋಡೆ, ಸೀಲಿಂಗ್ ಸೇರೋ ಮೂಲೆಗೆ ಅಂತ ಥರ್ಮೋಕೋಲ್ ಕಾರ್ನಿಸ್ ಆನ್‌ಲೈನಲ್ಲಿ ತರಿಸಿದ್ವಿ, 8 ಅಡಿ ಪೀಸು, ನಾಲ್ಕಿಂಚು ಅಗಲ. ಮೊದಲು ಕಾರ್ಪೆಂಟರ್ ಬಿಟ್ಟು ಹೋಗಿದ್ದ ಹಳದಿ ಗಮ್ ಹಚ್ಚಿದ್ವಿ, ಪೀಸ್ ಹಿಂದೆಲ್ಲ ಗುಂಡಿ ಬಿದ್ದು ಕರಗೋಯ್ತು. ಆಮೇಲೆ ಬಿಳಿ ಗಮ್ ಹಚ್ಚಿ ಅಂಟಿಸಿದ್ವಿ, ನಾಲ್ಕನೇ ದಿನ ರಾತ್ರಿ ಎರಡು ಪೀಸ್ ದೊಪ್ಪಂತ ಬಿತ್ತು. ಗೋಡೆ ಕಡೆ ಗಮ್ ಇನ್ನೂ ಹಸಿ ಹಸಿಯಾಗೇ ಇತ್ತು, ಸೀಲಿಂಗ್ ಕಡೆ ಬಿಳಿ ಪುಡಿ ಕಿತ್ಕೊಂಡು ಬಂದಿದೆ. ಗೋಡೆಗೆ ಆಯಿಲ್ ಪೇಂಟ್ ಇದೆ, ಸೀಲಿಂಗ್‌ಗೆ ಸುಣ್ಣ ಇರ್ಬೇಕು. ಎಲ್ಲಕ್ಕಿಂತ ಸ್ಟ್ರಾಂಗ್ ಗಮ್ ಯಾವ್ದು ಹೇಳಿ. ಹಿಂದುಗಡೆ ಹಂಚಿನ ರೂಮಿದೆ, ಮರದ ಮುಚ್ಚಿಗೆ, ಅಲ್ಲಿಗೂ ಹಾಕ್ಬಹುದಾ?

ಉತ್ತರ: ಮೇಡಂ, ಬಿದ್ದ ಪೀಸ್ ಎಸೆದಿಲ್ಲ ತಾನೇ? ಎಸೀಬೇಡಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರ ಬೆನ್ನ ಮೇಲೇ ಇದೆ. ಹಾಸನದಲ್ಲಿ ಕೂತ್ಕೊಂಡು ನಾನು ಹೇಳೋದಕ್ಕಿಂತ ಚೆನ್ನಾಗಿ ಅದೇ ಹೇಳ್ತಿದೆ. ನೀವು ಬರೆದಿರೋದು ನೋಡಿದ್ರೆ ಒಂದೇ ಹಾಲಲ್ಲಿ ಮೂರು ಬೇರೆ ಬೇರೆ ತೊಂದ್ರೆ ಆಗಿದೆ, ಒಂದು ಕಡೆ ಗಮ್ಮೇ ಪೀಸನ್ನ ತಿಂದಿದೆ, ಇನ್ನೊಂದು ಕಡೆ ಗಮ್ ಒಣಗೇ ಇಲ್ಲ, ಮತ್ತೊಂದು ಕಡೆ ಗಮ್ ಚೆನ್ನಾಗೇ ಹಿಡ್ಕೊಂಡಿದೆ ಆದ್ರೆ ಅದು ಹಿಡ್ಕೊಂಡಿದ್ದ ಸುಣ್ಣವೇ ಸೀಲಿಂಗ್ ಬಿಟ್ಟು ಬಂದಿದೆ. ಈ ಮೂರರಲ್ಲಿ ಒಂದಕ್ಕೂ "ಸ್ಟ್ರಾಂಗ್" ಗಮ್ ಮದ್ದಲ್ಲ.

ಯಾಕೆ ಅಂತ ಒಂದು ಸಣ್ಣ ಲೆಕ್ಕ ಹಾಕಿ. ಥರ್ಮೋಕೋಲ್ ಅಂದ್ರೆ ಬಹುಪಾಲು ಗಾಳಿನೇ, ಒಂದು ಘನ ಮೀಟರಿಗೆ 15ರಿಂದ 30 ಕೆಜಿ ಅಷ್ಟೇ ತೂಗುತ್ತೆ. ನಾಲ್ಕಿಂಚಿನ 8 ಅಡಿ ಪೀಸು ಹೆಚ್ಚು ಕಮ್ಮಿ ಕಾಲು ಕೆಜಿ ಬರುತ್ತೆ, ಅಂದ್ರೆ ನಿಮ್ಮೂರಲ್ಲಿ ತಗೊಳೋ ಕಾಲು ಕೆಜಿ ಕಾಫಿಪುಡಿ ಪೊಟ್ಟಣ ಇದ್ಯಲ್ಲ ಅಷ್ಟು ತೂಕ, ಅದನ್ನ 8 ಅಡಿ ಉದ್ದಕ್ಕೆ ಹರಡಿದ ಹಾಗೆ. ಇಷ್ಟನ್ನ ಹಿಡ್ಕೊಳಕ್ಕೆ ಯಾವ ಬಡಪಾಯಿ ಗಮ್ ಆದ್ರೂ ಸಾಕು, ಮೈದಾ ಅಂಟಾದ್ರೂ ನಿಲ್ಲುತ್ತೇನೋ. ಹಾಗಾಗಿ ಅಂಗಡೀಲಿ "ಇಷ್ಟು ಕೆಜಿ ಎಳೆಯುತ್ತೆ" ಅಂತ ಟ್ಯೂಬ್ ಮೇಲೆ ಹಾಕಿರೋ ಚಿತ್ರ ನೋಡಿ ದುಡ್ಡು ಕೊಡ್ಬೇಡಿ. ನೋಡ್ಬೇಕಾಗಿರೋದು ಎರಡೇ, ಆ ಗಮ್ ಥರ್ಮೋಕೋಲನ್ನ ತಿನ್ನುತ್ತಾ, ಮತ್ತೆ ನಿಮ್ಮ ಗೋಡೆ ಮೇಲೆ ಅದು ಒಣಗುತ್ತಾ.

ತಿನ್ನೋ ವಿಷಯ ಮೊದಲು. ಕಾರ್ಪೆಂಟರ್ ಹತ್ರ ಇರೋ ಹಳದಿ ಗಮ್ ಲ್ಯಾಮಿನೇಟ್ ಅಂಟಿಸಕ್ಕೆ ಇರೋದು, ರಬ್ಬರನ್ನ ಟೊಲ್ಯೂಯಿನ್ ಥರದ ಸಾಲ್ವೆಂಟಲ್ಲಿ, ಅಂದ್ರೆ ಕರಗಿಸೋ ದ್ರವದಲ್ಲಿ, ಕಲಸಿ ಮಾಡಿರ್ತಾರೆ, ಡಬ್ಬಿ ಮುಚ್ಚಳ ತೆಗೆದ್ರೆ ತಲೆಗೆ ಹತ್ತೋ ವಾಸನೆ ಬರುತ್ತಲ್ಲ ಅದೇ. ಆ ಸಾಲ್ವೆಂಟಿಗೆ ಥರ್ಮೋಕೋಲ್ ಸಿಕ್ಕಿದ್ರೆ ನೀರಿಗೆ ಬಿದ್ದ ಸಕ್ಕರೆ ಅಚ್ಚಿನ ಕಥೆ, ಒಳಗಿನ ಗಾಳಿ ಹೊರಗೆ ಹೋಗುತ್ತೆ, ಉಳಿದ ಪ್ಲಾಸ್ಟಿಕ್ ಒಂದು ಚೂರು ಅಂಟು ಅಂಟು ಮುದ್ದೆ ಆಗುತ್ತೆ. ಪೆಟ್ರೋಲ್, ಥಿನ್ನರ್, ಉಗುರಿನ ಪಾಲಿಶ್ ತೆಗೆಯೋ ಅಸಿಟೋನ್ ಎಲ್ಲಾ ಇದೇ ಕೆಲಸ ಮಾಡುತ್ತೆ. ಪುಟ್ಟ ಟ್ಯೂಬಲ್ಲಿ ಬರೋ ಕ್ಷಣದಲ್ಲಿ ಅಂಟೋ ಗಮ್ ಕೂಡ ತಿನ್ನುತ್ತೆ. ಗ್ಲೂ ಗನ್ ಬೇಡವೇ ಬೇಡ, ಅದು ತಿನ್ನಲ್ಲ ಆದ್ರೆ ಬಿಸಿಗೆ ಕರಗಿಸುತ್ತೆ, ಥರ್ಮೋಕೋಲ್ 80-90 ಡಿಗ್ರಿಗೇ ಮೆತ್ತಗಾಗೋ ವಸ್ತು. ನಿಮ್ಮ ಕಾರ್ಪೆಂಟರ್‌ದೇನೂ ತಪ್ಪಿಲ್ಲ ಬಿಡಿ, ಮರಕ್ಕೆ ಅದು ಒಳ್ಳೇ ಗಮ್ಮೇ.

ನಾನೇ ಹೊಸದರಲ್ಲಿ ಇದಕ್ಕಿಂತ ದೊಡ್ಡ ಪೆದ್ದತನ ಮಾಡಿದೀನಿ. ಸಕಲೇಶಪುರದ ಕಡೆ ಒಂದು ಎಸ್ಟೇಟ್ ಮನೇಲಿ ಕಾರ್ನಿಸ್ ಎಲ್ಲ ಸರಿಯಾದ ಗಮ್ಮಲ್ಲೇ ಅಂಟಿಸಿ, ಬಿಗಿಯಾಗಿ ಕೂತಿದೆ ಅಂತ ಖುಷೀಲಿ, ಮಾರನೇ ದಿನ ಹುಡುಗನ ಕೈಲಿ ಥಿನ್ನರ್ ಬೆರೆಸಿದ ಆಯಿಲ್ ಪ್ರೈಮರ್ ಹೊಡೆಸ್ಬಿಟ್ಟೆ. ಊಟ ಮಾಡ್ಕೊಂಡು ಬರೋಷ್ಟ್ರಲ್ಲಿ ಬಳ್ಳಿ ಹೂವಿನ ಡಿಸೈನೆಲ್ಲ ಸಿಡುಬು ಎದ್ದವರ ಮುಖದ ಥರ ಆಗಿತ್ತು. ಇಡೀ ಹಾಲ್ ಕಿತ್ತು ಹೊಸದು ಹಾಕಿಕೊಟ್ಟೆ ನನ್ನ ಕೈಯಿಂದಲೇ. ಆದ್ದರಿಂದ ಅಂಟಿಸಿದ ಮೇಲೂ ನೀರಿನ ಎಮಲ್ಷನ್ ಪೇಂಟ್ ಮಾತ್ರ, ಎನಾಮಲ್ ಹೊಡೆಯೋ ಪೇಂಟರ್‌ನ ಏಣಿ ಹತ್ತಕ್ಕೆ ಬಿಡ್ಬೇಡಿ.

ಈಗ ಬಿಳಿ ಗಮ್. ಇದು ಥರ್ಮೋಕೋಲಿಗೆ ಏನೂ ಮಾಡಲ್ಲ, ನೀರಲ್ಲಿ ಬೆರೆಸಿರೋ ಗಮ್, ನಮ್ಮ ಕಡೆ ಯಾವ ಕಂಪನೀದೇ ಆಗ್ಲಿ ಫೆವಿಕಾಲ್ ಅಂತಲೇ ಕರೀತೀವಿ. ಇದು ಗಟ್ಟಿಯಾಗೋದು ಒಳಗಿನ ನೀರು ಹೊರಗೆ ಹೋದಾಗ. ಮರಕ್ಕೆ ಮರ ಅಂಟಿಸಿದ್ರೆ ಮರ ನೀರು ಕುಡಿಯುತ್ತೆ, ಬಣ್ಣ ಇಲ್ಲದ ಗಾರೆ ಗೋಡೆ ಆದ್ರೂ ಕುಡಿಯುತ್ತೆ. ಆದ್ರೆ ನಿಮ್ಮ ಕೇಸಲ್ಲಿ ಒಂದು ಕಡೆ ಥರ್ಮೋಕೋಲ್, ಅದು ಒಂದು ಹನಿನೂ ಕುಡಿಯಲ್ಲ, ಇನ್ನೊಂದು ಕಡೆ ಆಯಿಲ್ ಪೇಂಟ್, ಅದೂ ಕುಡಿಯಲ್ಲ. ನೀರು ಎಲ್ಲಿಗೆ ಹೋಗ್ಬೇಕು ಹೇಳಿ? ಅಂಚಲ್ಲಿ ಮಾತ್ರ ಒಣಗಿ ಒಳಗೆ ಮೊಸರಿನ ಥರ ಹಾಗೇ ಕೂತಿರುತ್ತೆ, ಅದ್ರಲ್ಲೂ ಪುನರ್ವಸು ಪುಷ್ಯ ಮಳೆ ಟೈಮಲ್ಲಿ ಹಾಕಿದ್ರಂತೂ ಬಟ್ಟೆನೇ ವಾರ ಒಣಗದ ಊರಲ್ಲಿ ಗಮ್ ಎಲ್ಲಿ ಒಣಗುತ್ತೆ. ನೀವು ಯಾವ ತಿಂಗಳಲ್ಲಿ ಹಾಕಿದ್ರಿ ಬರೆದಿಲ್ಲ, ನನ್ನ ಊಹೆ ಮಳೆಗಾಲವೇ. ಅರಸೀಕೆರೆ ಕಡೂರು ಕಡೆ ಬಯಲುಸೀಮೆ ಮನೆಗಳಲ್ಲಿ ಬಣ್ಣ ಇಲ್ಲದ ಗೋಡೆಗೆ ಇದೇ ಬಿಳಿ ಗಮ್ ಹಾಕಿ ವರ್ಷಗಟ್ಟಲೆ ನಿಂತಿರೋದು ನಾನು ನೋಡಿದೀನಿ, ಹಂಗಂತ ಮೂಡಿಗೆರೆಗೂ ಚಿಕ್ಕಮಗಳೂರಿಗೂ ಅದೇ ನಡೆಯುತ್ತೆ ಅನ್ನಕ್ಕಾಗಲ್ಲ. ಒಣಗಿದ ಮೇಲೂ ಸಾಮಾನ್ಯ ಬಿಳಿ ಗಮ್ ತೇವ ಹಿಡಿದ್ರೆ ಮತ್ತೆ ಮೆತ್ತಗಾಗುತ್ತೆ, ಅದು ಇನ್ನೊಂದು ತಲೆನೋವು.

ನಿಮ್ಮ ಹಾಲಿಗೆ ನಾನು ಹೇಳೋದು ಎಂಎಸ್ ಪಾಲಿಮರ್ ಗಮ್, ಅಂಗಡೀಲಿ ಹೈಬ್ರಿಡ್ ಸೀಲೆಂಟ್ ಅಥವಾ ಹೈಬ್ರಿಡ್ ಅಡ್ಹೆಸಿವ್ ಅಂತ ಕೇಳಿ, ಸಿಲಿಕಾನ್ ಥರಾನೇ ಉದ್ದ ಟ್ಯೂಬಲ್ಲಿ ಬರುತ್ತೆ, ಗನ್ ಹಾಕಿ ಒತ್ತೋದು (ಬಿಸಿ ಮಾಡೋ ಗ್ಲೂ ಗನ್ ಅಲ್ಲ, ಬರೀ ಟ್ಯೂಬ್ ಒತ್ತೋ ಗನ್). ಇದು ಒಣಗಿ ಗಟ್ಟಿಯಾಗೋದಲ್ಲ, ಗಾಳೀಲಿರೋ ತೇವ ಹೀರ್ಕೊಂಡು ಗಟ್ಟಿಯಾಗೋದು. ಅಂದ್ರೆ ಬಿಳಿ ಗಮ್ಮಿಗೆ ಯಾವ ಥಂಡಿ ಶತ್ರುನೋ ಅದೇ ಥಂಡಿ ಇದಕ್ಕೆ ನೆಂಟ, ನಮ್ಮ ಮಲೆನಾಡಿಗೆ ಹೇಳಿ ಮಾಡಿಸಿದ ಹಾಗಿದೆ. ಆಯಿಲ್ ಪೇಂಟಿನಂಥ ನೀರು ಕುಡಿಯದ ಮೇಲ್ಮೈಗೂ ಹಿಡಿಯುತ್ತೆ, ಮೇಲೆ ಎಮಲ್ಷನ್ ಹೊಡೀಬಹುದು, ಗಟ್ಟಿಯಾದ ಮೇಲೂ ಸ್ವಲ್ಪ ರಬ್ಬರಿನ ಹಾಗೆ ಬಳುಕುತ್ತೆ. ರೇಟು ಜಾಸ್ತಿ, ಅದೊಂದು ಇದೆ. ದುಡ್ಡು ಜಾಸ್ತಿ ಅನ್ಸಿದ್ರೆ ನೀರಿನ ಅಕ್ರಿಲಿಕ್ ಗಮ್ ಟ್ಯೂಬ್ ಸಿಗುತ್ತೆ, ಅದೂ ಥರ್ಮೋಕೋಲ್ ತಿನ್ನಲ್ಲ, ಬಣ್ಣನೂ ಹಿಡಿಯುತ್ತೆ, ಆದ್ರೆ ಒಣಗೋ ವಿಷಯದಲ್ಲಿ ಅದು ಬಿಳಿ ಗಮ್ಮಿನ ತಮ್ಮ, ಹಾಗಾಗಿ ಫೆಬ್ರವರಿ ಮಾರ್ಚಲ್ಲಿ, ಆಯಿಲ್ ಪೇಂಟ್ ಪೂರ್ತಿ ಕೆರೆದು ಹಾಕೋದಾದ್ರೆ ಮಾತ್ರ. ಸಿಲಿಕಾನ್ ಬೇಡ, ಅದರ ಮೇಲೆ ಬಣ್ಣ ನಿಲ್ಲಲ್ಲ, ಹುಳಿ ವಾಸನೆ ಬರೋ ಮಾಮೂಲಿ ಸಿಲಿಕಾನ್ ಅಂತೂ ಸುಣ್ಣ ಸಿಮೆಂಟಿನ ಗೋಡೆಗೆ ಸರಿಯಾಗಿ ಹಿಡಿಯೋದೂ ಇಲ್ಲ. ಫೋಮ್ ಸ್ಪ್ರೇ ಡಬ್ಬ ಇದೆಯಲ್ಲ, ಬಾಗಿಲ ಚೌಕಟ್ಟಿಗೆ ತುಂಬೋದು, ಅದು ಉಬ್ಬುತ್ತೆ, ಕಾಲು ಕೆಜಿ ಪೀಸನ್ನ ಆಚೆಗೆ ತಳ್ಳಿ ಸೊಟ್ಟ ಮಾಡುತ್ತೆ. ಎರಡು ಕಡೆ ಅಂಟೋ ಟೇಪು ಗಣಪತಿ ಹಬ್ಬದ ಮಂಟಪಕ್ಕೆ ಸರಿ.

ಯಾವ ಟ್ಯೂಬ್ ತಂದ್ರೂ ಮೇಲೆ "ಸಾಲ್ವೆಂಟ್ ಫ್ರೀ" ಅಂತ ಬರೆದಿದ್ಯಾ ನೋಡಿ, ಬರೆದಿದ್ರೂ ನಂಬ್ಬೇಡಿ, ಕರಗಿ ಹಾಳಾದ ಪೀಸ್ ಇದೆಯಲ್ಲ ಅದರ ಒಂದು ಚೂರಿಗೆ ಕಡಲೆ ಗಾತ್ರ ಹಚ್ಚಿ ರಾತ್ರಿ ಬಿಡಿ. ಬೆಳಗ್ಗೆ ಗುಂಡಿ ಬಿದ್ದಿಲ್ಲ ಅಂದ್ರೆ ಮುಂದುವರೀರಿ.

ನಮ್ಮ ಕಡೆ ಮೇಸ್ತ್ರಿಗಳು ಇದನ್ನೆಲ್ಲ ಕೇಳಿದ್ರೆ ನಗ್ತಾರೆ, "ವಾಲ್ ಪುಟ್ಟಿಗೆ ಸ್ವಲ್ಪ ಫೆವಿಕಾಲ್ ಕಲಸಿ ಹಚ್ಚಿ ಸಾರ್, ಆಯ್ತು" ಅಂತಾರೆ. ಪೂರ್ತಿ ಸುಳ್ಳಲ್ಲ ಅದು. ಬಣ್ಣ ಇಲ್ಲದ ಸಿಮೆಂಟ್ ಗೋಡೆಗೆ ಪುಟ್ಟಿ ಹಿಡಿಯುತ್ತೆ, ಟೈಲ್ಸ್ ಅಂಟಿಸೋ ಸಿಮೆಂಟ್ ಪೌಡರ್ ಕಲಸಿ ಹಚ್ಚಿದ್ರೆ ಇನ್ನೂ ಚೆನ್ನಾಗಿ ಹಿಡಿಯುತ್ತೆ, ಥರ್ಮೋಕೋಲ್ ಬೆನ್ನನ್ನ ಎಮ್ರಿ ಪೇಪರಲ್ಲಿ ಉಜ್ಜಿ ಒರಟು ಮಾಡಿರ್ಬೇಕು ಅಷ್ಟೇ. ಹೊಸ ಮನೆ, ಪ್ಲಾಸ್ಟರಿಂಗ್ ಆಗಿದೆ, ಪೇಂಟ್ ಇನ್ನೂ ಆಗಿಲ್ಲ ಅನ್ನೋರಿಗೆ ನಾನೂ ಅದನ್ನೇ ಹೇಳ್ತೀನಿ, ಕಮ್ಮಿ ಖರ್ಚು. ನಿಮ್ಮ ಆಯಿಲ್ ಪೇಂಟ್ ಗೋಡೆ ಮೇಲೆ ಮಾತ್ರ ಅದು ಹಪ್ಪಳದ ಥರ ಎದ್ದು ಬರುತ್ತೆ.

ಈಗ ಸೀಲಿಂಗ್, ನಿಜವಾದ ಕಷ್ಟ ಇರೋದೇ ಅಲ್ಲಿ. ಸುಣ್ಣದ ಮೇಲೆ ಅಂಟಿಸೋದು ಅಂದ್ರೆ ರವೆ ಉದುರಿಸಿದ ತಟ್ಟೆ ಮೇಲೆ ಸ್ಟಿಕ್ಕರ್ ಅಂಟಿಸಿದ ಹಾಗೆ. ಗಮ್ ರವೆಗೆ ಅಂಟುತ್ತೆ, ತಟ್ಟೆಗಲ್ಲ. 30 ವರ್ಷದಲ್ಲಿ ಹಬ್ಬ ಹಬ್ಬಕ್ಕೆ ಎಳೆದ ಸುಣ್ಣ ಪದರ ಪದರವಾಗಿ ಕೂತಿರುತ್ತೆ. ಅಂಗೈ ಉಜ್ಜಿ ನೋಡಿ, ಕೈ ಬೆಳ್ಳಗಾದ್ರೆ ಅದನ್ನ ತೆಗೀಲೇಬೇಕು. ಇನ್ನೂ ಅನುಮಾನ ಇದ್ರೆ ಅಗಲ ಸೆಲ್ಲೋ ಟೇಪ್ ಗಟ್ಟಿಯಾಗಿ ಒತ್ತಿ ಒಂದೇ ಸಲಕ್ಕೆ ಕೀಳಿ, ಟೇಪ್ ಹಿಂದೆ ಏನು ಬರುತ್ತೋ ಅದೇ ನಾಳೆ ಕಾರ್ನಿಸ್ ಹಿಂದೆ ಬರೋದು. ಇಡೀ ಸೀಲಿಂಗ್ ಕೆರೀಬೇಕಾಗಿಲ್ಲ, ಕಾರ್ನಿಸ್ ಕೂರೋ ನಾಲ್ಕಿಂಚು ಪಟ್ಟಿ ಸಾಕು. ಪೀಸನ್ನ ಮೂಲೆಗೆ ಹಿಡಿದು ಎರಡೂ ಅಂಚಿಗೆ ಪೆನ್ಸಿಲ್ ಗುರುತು ಮಾಡಿ, ಉದ್ದಕ್ಕೂ ಬಣ್ಣದ ಪುಡಿ ಹಚ್ಚಿದ ದಾರ ಎಳೆದು ಗೆರೆ ಹೊಡೀರಿ, ಅದರೊಳಗಿನ ಜಾಗ ನೀರು ಚಿಮುಕಿಸಿ ಪುಟ್ಟಿ ಬ್ಲೇಡಲ್ಲಿ ಗಟ್ಟಿ ಗಾರೆ ಸಿಗೋವರೆಗೂ ಕೆರೀರಿ, ಒದ್ದೆ ಬಟ್ಟೆಲಿ ಒರೆಸಿ, ಎರಡು ದಿನ ಒಣಗಕ್ಕೆ ಬಿಟ್ಟು ವಾಟರ್ ಬೇಸ್ ಪ್ರೈಮರ್ ಒಂದು ಕೋಟ್ ಎಳೀರಿ. ಗೋಡೆ ಕಡೆ ಆಯಿಲ್ ಪೇಂಟಿಗೆ 80 ನಂಬರ್ ಎಮ್ರಿ ಪೇಪರ್ ಹಾಕಿ ಹೊಳಪು ಹೋಗೋವರೆಗೂ ಉಜ್ಜಿ. ಒಂದು ಎಚ್ಚರಿಕೆ, ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರಲ್ಲಿ, ನಿಮ್ಮ ಗೋಡೆ ಬಣ್ಣ ಅದಕ್ಕಿಂತ ಹಳೇದಿರ್ಬಹುದು. ಹಾಗಾಗಿ ಒಣ ಉಜ್ಜಬೇಡಿ, ಪೇಪರ್ ಒದ್ದೆ ಮಾಡ್ಕೊಂಡು ಉಜ್ಜಿ, ಮಾಸ್ಕ್ ಹಾಕ್ಕೊಳ್ಳಿ, ಮಕ್ಕಳನ್ನ ಆ ದಿನ ಅಜ್ಜಿ ಮನೆಗೆ ಕಳಿಸಿ.

ಇನ್ನೊಂದು ಪರೀಕ್ಷೆ ಇದೆ, ಇದನ್ನ ಬಿಟ್ಟೋರೇ ಜಾಸ್ತಿ. ಮೂಲೇಲಿ ಹಳದಿ ಕಲೆ, ಬೂಷ್ಟು, ಬಿಳಿ ಉಪ್ಪು ಹೂ ಏನಾದ್ರೂ ಇದ್ಯಾ? ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆನ ನಾಲ್ಕೂ ಕಡೆ ಟೇಪ್ ಹಾಕಿ ಸೀಲಿಂಗಿಗೆ ಮೆತ್ತಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆ ಒಳಗಡೆ ಬೆವರು ಬಂದಿದ್ರೆ ತಾರಸಿಯಿಂದ ನೀರು ಇಳೀತಿದೆ ಅಂತ ಅರ್ಥ, ಸಾಮಾನ್ಯವಾಗಿ ತಾರಸಿ ಮತ್ತೆ ಪ್ಯಾರಾಪೆಟ್ ಗೋಡೆ ಸೇರೋ ಕಡೆ ಬಿರುಕಿರುತ್ತೆ. ಆಗ ಮೊದಲು ಮೇಲೆ ಹತ್ತಿ ಅದನ್ನ ಸರಿ ಮಾಡಿಸಿ, ಕಾರ್ನಿಸ್ ಮುಂದಿನ ವರ್ಷಕ್ಕೆ ಇಟ್ಕೊಳ್ಳಿ. ಸೋರೋ ಮೂಲೆಗೆ ಕಾರ್ನಿಸ್ ಹಾಕೋದು ಹುಣ್ಣಿನ ಮೇಲೆ ಕುಂಕುಮ ಇಟ್ಟ ಹಾಗೆ, ಒಳಗೊಳಗೇ ಬೆಳೆಯುತ್ತೆ, ನಿಮಗೆ ಗೊತ್ತಾಗೋದು ಕಡೇಲಿ.

ಅಂಟಿಸೋವಾಗ ಪೀಸಿನ ಎರಡು ಚಪ್ಪಟೆ ಅಂಚು ಇರುತ್ತಲ್ಲ, ಗೋಡೆಗೆ ಕೂರೋದು ಒಂದು, ಸೀಲಿಂಗಿಗೆ ಕೂರೋದು ಒಂದು, ಎರಡಕ್ಕೂ ಒಂದೊಂದು ಗೆರೆ ಎಳೀರಿ, ಆರು ಮಿಲಿಮೀಟರ್ ದಪ್ಪ, ಪೆನ್ಸಿಲಿಗಿಂತ ಸ್ವಲ್ಪ ಸಣ್ಣ. ಬೆಣ್ಣೆ ಸವರಿದ ಹಾಗೆ ಸವರಬೇಡಿ, ಮತ್ತೆ ಗೆರೆನೂ ಉದ್ದಕ್ಕೆ ಒಂದೇ ಸಮ ಬೇಡ, ಗೇಣುದ್ದ ಎಳೆದು ಎರಡು ಬೆರಳು ಬಿಟ್ಟು ಮತ್ತೆ ಎಳೀರಿ. ಈ ಗಮ್ಮಿಗೆ ಗಾಳಿಯ ತೇವ ಬೇಕು ಅಂದ್ನಲ್ಲ, ಸಂದು ಬಿಟ್ರೆ ಒಳಗೂ ಗಾಳಿ ಆಡುತ್ತೆ. ಗಟ್ಟಿಯಾಗೋದು ದಿನಕ್ಕೆ 2-3 ಮಿಲಿಮೀಟರ್ ಲೆಕ್ಕ, ಮೊದಲ ದಿನ ಮಾಸ್ಕಿಂಗ್ ಟೇಪ್ ಅಡ್ಡಡ್ಡ ಹಾಕಿ ಹಿಡಿಸಿ, ಅಂಗೈಲಿ ಒತ್ತಿ, ಬೆರಳ ತುದೀಲಿ ಒತ್ತಿದ್ರೆ ಥರ್ಮೋಕೋಲಲ್ಲಿ ಕುಳಿ ಬೀಳುತ್ತೆ. 300 ಎಂಎಲ್ ಟ್ಯೂಬಲ್ಲಿ ಈ ದಪ್ಪದ ಗೆರೆ ಹತ್ತು ಮೀಟರ್ ಬರುತ್ತೆ, ಎರಡು ಗೆರೆ ಅಂದ್ರೆ ಐದು ಮೀಟರ್ ಕಾರ್ನಿಸ್. ನಿಮ್ಮ ಹಾಲಿನ ಸುತ್ತಳತೆ 52 ಅಡಿ, ಹದಿನಾರು ಮೀಟರ್. ಮಧ್ಯೆ ಮಧ್ಯೆ ಸಂದು ಬಿಡೋದ್ರಿಂದ ಮೂರು ಟ್ಯೂಬಲ್ಲಿ ಆಗುತ್ತೆ.

ಜಾಯಿಂಟ್ ತುಂಬಕ್ಕೆ ಒಂದು ಅಕ್ರಿಲಿಕ್ ಟ್ಯೂಬ್ ಬೇರೆ ತಗೊಳ್ಳಿ, ಪುಟ್ಟಿ ಬೇಡ. ಕಾರಣ ಇದೆ. ಬಿಸಿಲಿಗೆ ಥರ್ಮೋಕೋಲ್ ಹಿಗ್ಗೋದು ಕಾಂಕ್ರೀಟಿಗಿಂತ ಐದಾರು ಪಟ್ಟು ಜಾಸ್ತಿ. ಡಿಸೆಂಬರ್ ಚಳಿಗೂ ಏಪ್ರಿಲ್ ಮಧ್ಯಾಹ್ನಕ್ಕೂ ತಾರಸಿ ಕೆಳಗೆ 15 ಡಿಗ್ರಿ ವ್ಯತ್ಯಾಸ ಅಂತ ಇಟ್ಕೊಂಡ್ರೂ 8 ಅಡಿ ಪೀಸು ಸುಮಾರು 2 ಮಿಲಿಮೀಟರ್ ಉದ್ದ ಆಗುತ್ತೆ, ಮೇಲಿನ ಕಾಂಕ್ರೀಟ್ ಮೋಲ್ಡು ಅರ್ಧ ಮಿಲಿಮೀಟರೂ ಆಗಲ್ಲ. ಪುಟ್ಟಿ ಬಿರುಕು ಬಿಡೋದು ಅಲ್ಲೇ. ಹಾಗಾಗಿ ಪೀಸಿಂದ ಪೀಸಿಗೆ ಒಂದು ಎಳೆ ಜಾಗ ಬಿಟ್ಟು ಅಕ್ರಿಲಿಕ್ ತುಂಬಿ, ಒದ್ದೆ ಬೆರಳಲ್ಲಿ ಸವರಿ. ಮೇಲಿನ ಕೆಳಗಿನ ಅಂಚಿನ ಸಂದುಗಳನ್ನೂ ಗಮ್ ಪೂರ್ತಿ ಗಟ್ಟಿಯಾದ ಮೇಲೆ, ಒಂದು ವಾರ ಬಿಟ್ಟು ಹಾಗೇ ಮುಚ್ಚಿಬಿಡಿ, ಇಲ್ಲಾಂದ್ರೆ ಇರುವೆ ಒಳಗೆ ಸಂಸಾರ ಹೂಡುತ್ತೆ, ಥರ್ಮೋಕೋಲ್ ಅಂದ್ರೆ ಅವಕ್ಕೆ ರೆಡಿಮೇಡ್ ಮನೆ. ಮೂಲೆ 45 ಡಿಗ್ರಿ ಕತ್ತರಿಸೋಕೆ ಮೈಟರ್ ಬಾಕ್ಸು (ಬ್ಲೇಡ್ ಓರೆ ತಪ್ಪದ ಹಾಗೆ ಸೀಳು ಬಿಟ್ಟಿರೋ ಪೆಟ್ಟಿಗೆ), ಹ್ಯಾಕ್ಸಾ ಬ್ಲೇಡು ಸಾಕು, ಆದ್ರೆ ಹಳೇ ಮನೆ ಮೂಲೆ ಯಾವುದೂ ಸರಿಯಾಗಿ 90 ಇರಲ್ಲ, ಮೊದಲು ಹಾಳಾದ ಪೀಸಲ್ಲಿ ಕತ್ತರಿಸಿ ಕೂರಿಸಿ ನೋಡಿ. ಬೇಲೂರು ಹಳೇಬೀಡು ಪಕ್ಕದಲ್ಲೇ ಇಟ್ಕೊಂಡು ಈ ಮಾತು ಹೇಳಕ್ಕೆ ನಾಚಿಕೆ ಆಗುತ್ತೆ, ಅಲ್ಲಿ ಕಲ್ಲಿಗೆ ಕಲ್ಲು ಕಚ್ಚಿಸಿ ಗಾರೆನೇ ಇಲ್ದೆ ನಿಲ್ಸಿದ್ರು, ನಾವು ಎರಡು ಮಿಲಿಮೀಟರ್ ಸಂದಿಗೆ ಟ್ಯೂಬ್ ಹಿಡ್ಕೊಂಡು ಓಡಾಡ್ತೀವಿ.

ದೇವರ ಮನೆಗೂ ಅಡುಗೆಮನೆ ಒಲೆ ಮೇಲಕ್ಕೂ ಉಳಿದ ಪೀಸ್ ಹಾಕ್ಬಿಡೋಣ ಅಂತ ಅನ್ನಿಸಿದ್ರೆ ದಯವಿಟ್ಟು ಬೇಡ. ಇದು ಬೆಂಕಿ ಹಿಡಿದ್ರೆ ಉರೀತಾ ಉರೀತಾ ಹನಿ ಹನಿಯಾಗಿ ಕೆಳಗೆ ಬೀಳುತ್ತೆ.

ಇನ್ನು ಹಂಚಿನ ರೂಮು. ಮುಚ್ಚಿಗೆ ಹಲಗೆ ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೇಲಿ ಕುಗ್ಗುತ್ತೆ, ಗೋಡೆ ಇದ್ದ ಕಡೆ ಇರುತ್ತೆ. ಎರಡಕ್ಕೂ ಸೇರಿಸಿ ಅಂಟಿಸಿದ್ರೆ ಒಂದು ಮಳೆಗಾಲದಲ್ಲಿ ಪೀಸ್ ಮಧ್ಯಕ್ಕೇ ಸೀಳುತ್ತೆ ಇಲ್ಲಾ ಒಂದು ಕಡೆ ಬಿಟ್ಕೊಳುತ್ತೆ. ಹಾಕಲೇಬೇಕು ಅಂದ್ರೆ ಗೋಡೆ ಕಡೆ ಮಾತ್ರ ಗಮ್ ಹಾಕಿ, ಹಲಗೆ ಕಡೆ ಬರೀ ಒತ್ತಿ ಕೂತಿರ್ಲಿ. ಆದ್ರೆ ಮೇಡಂ, ನನ್ನ ಕೇಳಿದ್ರೆ ಆ ರೂಮಿಗೆ ಥರ್ಮೋಕೋಲೇ ಬೇಡ, ಹಲಗೆಗೊಂದು ಸಲ ಎಣ್ಣೆ ಒರೆಸಿ, ಮೂಲೆಗೆ ಅದೇ ಜಾತಿ ಮರದ ಒಂದಿಂಚು ಪಟ್ಟಿ ಹೊಡೆಸಿ. ಆ ಹಳದಿ ಗಮ್ ಬಿಟ್ಟು ಹೋದ ಕಾರ್ಪೆಂಟರನ್ನೇ ಕರೀರಿ, ಇದು ಅವನ ಕೆಲಸ.